ಮಗನ ಗಾಡಿಗೆ ಐದು ವೋಲ್ಟು

ಹೋದ ತಿಂಗಳು ಒಂದಿನ ಸಾಯಂಕಾಲ ಎದುರುಮನೆ ಅಕ್ಕ ಗೇಟಿನ ಹತ್ರ ನಿಂತು, "ಏನಮ್ಮಾ, ಒಗ್ಗರಣೆ ಸೀದೋಯ್ತಾ? ವಾಸ್ನೆ ನಮ್ಮನೆ ತನಕ ಬಂತು" ಅಂತ ಕೂಗಿದ್ರು. ಒಗ್ಗರಣೆ ಅಲ್ಲಕ್ಕ, ಹುಡುಗನ ಗಾಡಿದು ಅಂದೆ. ಸುಟ್ಟಿದ್ದು ಯಾರು ಅಂತ ಮಾತ್ರ ಹೇಳಲಿಲ್ಲ. ನಾಚಿಕೆ ಆಗಿತ್ತು. ಈಗ ಹೇಳ್ತೀನಿ, ಸುಟ್ಟಿದ್ದು ನಾನೇ. ಮನೇಲಿ ಗಾಡಿ, ರೋಬೋ ಅಂತ ವೈರು ಹರಡ್ಕೊಂಡು ಕೂರೋ ಮಕ್ಕಳಿದ್ರೆ ನಿಮಗೂ ಉಪಯೋಗಕ್ಕೆ ಬರ್ಲಿ ಅಂತ ಪೂರ್ತಿ ಬರೀತಿದ್ದೀನಿ.

ನಮ್ಮ ಹುಡುಗ ಈ ವರ್ಷ ಒಂಬತ್ತನೇ ಕ್ಲಾಸು. ಸ್ಕೂಲಲ್ಲಿ ವಿಜ್ಞಾನ ವಸ್ತುಪ್ರದರ್ಶನ ಅಂತ ಹೇಳಿದ್ರು. ಅವನು ಚಿಕ್ಕವನಿದ್ದಾಗ ನನ್ನ ತಮ್ಮ ಒಂದು ದೊಡ್ಡ ರಿಮೋಟ್ ಕಾರು ತಂದ್ಕೊಟ್ಟಿದ್ದ. ಅದರ ಒಳಗಿನ ಸರ್ಕ್ಯೂಟು ಸತ್ತು ಎಷ್ಟೋ ವರ್ಷ ಆಗಿ ಮಂಚದ ಕೆಳಗೆ ಬಿದ್ದಿತ್ತು. ಅದನ್ನ ಎಳ್ಕೊಂಡು ಬಂದು "ಸುರಂಗ ನೋಡೋ ಗಾಡಿ ಮಾಡ್ತೀನಮ್ಮ" ಅಂದ. ಮುಂದೆ ಒಂದು ಸಣ್ಣ ಕ್ಯಾಮೆರಾ, ಒಂದು ಲೈಟು. ಕತ್ತಲಿನ ಪೈಪೊಳಗೆ ಗಾಡಿ ಹೋದ್ರೆ ಒಳಗಿರೋದು ಫೋನಲ್ಲಿ ಕಾಣ್ಬೇಕು. ಕೆಜಿಎಫ್‌ನಲ್ಲಿ ಗಣಿ ಕೆಲಸ ಮಾಡಿದ ತಾತನ ಮೊಮ್ಮಗ ಬೇರೆ ಏನು ಮಾಡ್ತಾನೆ ಅಂದ್ಕೊಂಡೆ.

ಒಳಗೆ ಏನೇನಿತ್ತು ಅಂತ ಮೊದ್ಲು ಹೇಳ್ತೀನಿ, ಇಲ್ದಿದ್ರೆ ಮುಂದಿನದು ಅರ್ಥ ಆಗಲ್ಲ. ಒಂದು ಬ್ಯಾಟರಿ. ಗಾಡಿ ಓಡಿಸೋ ಮೋಟ್ರು. ಮೋಟ್ರಿನ ಸ್ಪೀಡು ನೋಡ್ಕೊಳ್ಳೋ ಇಎಸ್‌ಸಿ ಅನ್ನೋ ಡಬ್ಬಿ. ರಿಮೋಟಿನ ಮಾತು ಕೇಳೋ ರಿಸೀವರ್. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಿಸೋ ಸರ್ವೋ. ಆಮೇಲೆ ಇಎಸ್‌ಪಿ32-ಕ್ಯಾಮ್ ಅಂತ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕ್ಯಾಮೆರಾ ಬೋರ್ಡು.

ಬ್ಯಾಟರಿ ಅಂದ್ರೆ ಎರಡು ಲಿಥಿಯಂ ಸೆಲ್ಲು, ಒಂದರ ಹಿಂದೆ ಒಂದು. ಫುಲ್ ಚಾರ್ಜ್ ಆದಾಗ ಒಂದೊಂದು 4.2 ವೋಲ್ಟು, ಎರಡೂ ಸೇರಿ 8.4. ಓಡ್ತಾ ಓಡ್ತಾ ಇಳೀತದೆ. ಒಂದೊಂದು 3.2ಕ್ಕೆ ಬಂದ್ರೆ, ಅಂದ್ರೆ ಒಟ್ಟು 6.4ಕ್ಕೆ ಬಂದ್ರೆ ನಿಲ್ಲಿಸ್ಬೇಕು. ಇನ್ನೂ ಹಿಂಡಿದ್ರೆ ಸೆಲ್ಲು ಕೆಟ್ಟೋಗ್ತದೆ. ಮೋಟ್ರಿಗೆ ಇದು ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ. ಆದ್ರೆ ರಿಸೀವರು, ಕ್ಯಾಮೆರಾ ಎಲ್ಲ ಐದು ವೋಲ್ಟಿನವು. ಜಾಸ್ತಿ ಕೊಟ್ರೆ ಸುಡ್ತವೆ, ಕಮ್ಮಿ ಕೊಟ್ರೆ ಮೂರ್ಛೆ ಹೋಗ್ತವೆ.

ಅದಕ್ಕೇ ನಡುವೆ ಒಂದು ರೆಗ್ಯುಲೇಟರ್ ಬೇಕು. ನಮ್ಮ ಗ್ಯಾಸಿಂದು ನೆನಪು ಮಾಡ್ಕೊಳ್ಳಿ. ಸಿಲಿಂಡರ್ ಹೊಸದಿರ್ಲಿ, ಮುಗಿಯೋಕೆ ಬಂದಿರ್ಲಿ, ಒಲೆಗೆ ಒಂದೇ ಸಮ ಗ್ಯಾಸು ಬರ್ತದಲ್ಲ, ಆ ಕೆಲಸ. ಇಲ್ಲಿ ಕರೆಂಟಿಗೆ.

ಇಎಸ್‌ಸಿ ಡಬ್ಬಿಯೊಳಗೇ ಒಂದು ಪುಟ್ಟ ರೆಗ್ಯುಲೇಟರ್ ಇರ್ತದಂತೆ. ಬಿಇಸಿ ಅಂತ ಬರೀತಾರೆ, ಹುಡುಗ್ರು ಬೆಕ್ ಅಂತಾರೆ. "ಬೆಕ್ಕಿನಿಂದ ಕರೆಂಟ್ ತಗೋತಿದ್ದೀನಿ" ಅಂದಾಗ ನಮ್ಮತ್ತೆ ಕಣ್ಣು ಬಿಟ್ರು. ಆ ಬೆಕ್ ಕೊಡೋದು ಐದು ವೋಲ್ಟು, ಒಂದು ಆಂಪು. ಗಾಡಿ ನೆಟ್ಟಗೆ ಹೋಗುವಾಗ ಚೆನ್ನಾಗಿತ್ತು. ಆದ್ರೆ ಚಕ್ರ ಹೊಸಿಲಿಗೋ ಮಂಚದ ಕಾಲಿಗೋ ತಗುಲಿದಾಗ ತಿರುಗಿಸಿದ್ರೆ ಸಾಕು, ಕ್ಯಾಮೆರಾ ಪಟ್ಟಂತ ಆಫ್. ಮತ್ತೆ ಅದು ಎದ್ದು ಫೋನಿಗೆ ಸೇರ್ಕೊಳ್ಳೋ ತನಕ ಗಾಡಿ ಕುರುಡು. ಪೈಪೊಳಗೆ ಹಂಗಾದ್ರೆ ಪ್ರದರ್ಶನ ಮುಗಿದಂಗೇ.

ನಮ್ಮನೆಯವರು ದಿನಾ ಬಂಗಾರಪೇಟೆಯಿಂದ ರೈಲಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋರು. ಅವರ ಕೈಲಿ ಎಸ್.ಪಿ. ರೋಡಿಂದ 7805 ತರಿಸ್ದ. ಮೂರು ಕಾಲಿನ ಸಣ್ಣ ಕರೀ ಚಿಪ್ಪು, ಹತ್ತಿಪ್ಪತ್ತು ರೂಪಾಯಿ. ಸರ್ವೋ, ಕ್ಯಾಮೆರಾ ಎರಡೂ ಅದಕ್ಕೆ ಜೋಡಿಸ್ದ. ಐದು ನಿಮಿಷ ಓಡ್ತು. ಆಮೇಲೆ ಎಲ್ಲಾ ನಿಂತೋಯ್ತು. ಏನಾಯ್ತೋ ಅಂತ ನಾನು ಬೆರಳಿಟ್ಟೆ ನೋಡಿ, ಕಾದ ಹೆಂಚು! ಬೊಬ್ಬೆ ಬಂತು. ಆ ಚಿಪ್ಪು ಜಾಸ್ತಿ ಬಿಸಿಯಾದ್ರೆ ತಾನೇ ಆಫ್ ಆಗ್ತದಂತೆ, ತಣ್ಣಗಾದ್ಮೇಲೆ ಮತ್ತೆ ಶುರು.

ಯಾಕೆ ಬಿಸಿ ಅಂತ ಹುಡುಗ ಹೇಳಿದ್ದು ನಂಗೆ ಮೊದ್ಲು ತಲೆಗೆ ಹೋಗಲಿಲ್ಲ. ಹಳೇ ಫ್ಯಾನ್ ರೆಗ್ಯುಲೇಟರ್ ನೆನಪಾದ್ಮೇಲೆ ಹೊಳೀತು. ನಮ್ಮ ಅಮ್ಮನ ಮನೇಲಿ ಗೋಡೆ ಮೇಲೆ ದಪ್ಪ ಡಬ್ಬಿ ಇತ್ತಲ್ಲ, ಒಂದನೇ ನಂಬರಿಗೆ ಇಟ್ರೆ ಫ್ಯಾನು ನಿಧಾನ, ಡಬ್ಬಿ ಬಿಸಿ. ಫ್ಯಾನಿಗೆ ಬೇಡದ ಕರೆಂಟನ್ನ ಆ ಡಬ್ಬಿ ಬಿಸಿ ಮಾಡಿ ಬಿಸಾಕ್ತಿತ್ತು. 7805 ಅದೇ ಜಾತಿ. ಒಳಗೆ 8.4, ಹೊರಗೆ 5. ಮಿಕ್ಕ 3.4 ವೋಲ್ಟು ಪೂರ್ತಿ ಬಿಸಿ. ಒಂದು ಆಂಪು ಎಳೆದ್ರೆ 3.4 ವ್ಯಾಟು, ಉಗುರಿನಷ್ಟು ಜಾಗದಲ್ಲಿ. ನೂರು ರೂಪಾಯಿ ಕೊಟ್ಟು ಅರವತ್ತು ರೂಪಾಯಿ ಸಾಮಾನು ತಂದಂಗೆ. ನಮ್ಮ ಕೋಲಾರದ ಕಡೆಯೋರಿಗೆ ಹೇಳ್ಬೇಕಂದ್ರೆ, ಟ್ಯಾಂಕರ್ ನೀರು ತರಿಸಿ ಅರ್ಧಕ್ಕೆ ಹತ್ರ ಹತ್ರ ಚರಂಡಿಗೆ ಬಿಟ್ಟಂಗೆ.

ಇನ್ನೊಂದು ಕೊಂಕೂ ಐತೆ ಅದಕ್ಕೆ. ಐದು ಹೊರಗೆ ಬರ್ಬೇಕಂದ್ರೆ ಒಳಗೆ ಕಡಿಮೆ ಅಂದ್ರೂ ಏಳು ಇರ್ಬೇಕು. ನಮ್ಮ ಬ್ಯಾಟರಿ 6.4ರ ತನಕ ಇಳೀತದೆ. ಅಂದ್ರೆ ಬ್ಯಾಟರಿ ತುಂಬಿದಾಗ ಬಿಸಿ, ಇಳಿದಾಗ ಸಾಲ್ದು. ಎರಡು ಸೆಲ್ಲಿನ ಗಾಡಿಗೆ 7805 ಎರಡು ಕಡೇನೂ ಸರಿಹೋಗಲ್ಲ.

ಇನ್ನೊಂದು ಜಾತಿ ರೆಗ್ಯುಲೇಟರ್ ಐತೆ, ಬಕ್ ಕನ್ವರ್ಟರ್ ಅಂತ. ಅದು ಹೆಚ್ಚಿನದನ್ನ ಸುಡಲ್ಲ. ನಲ್ಲಿನ ಒಂದೇ ಸಮ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಬಕೀಟಲ್ಲಿ ನೀರು ಒಂದೇ ಮಟ್ಟಕ್ಕೆ ಇಟ್ಟಂಗೆ. ಈ ತೆಗೆಯೋದು ಮುಚ್ಚೋದು ಸೆಕೆಂಡಿಗೆ ಒಂದೂವರೆ ಲಕ್ಷ ಸಲ! ನೂರಕ್ಕೆ ಎಂಬತ್ತರ ಮೇಲೆ ಉಪಯೋಗಕ್ಕೆ ಸಿಗ್ತದೆ. ಮಾರನೇ ದಿನ ನಮ್ಮನೆಯವರು ಅಂಥದ್ದೇ ಒಂದು ತಂದ್ರು, ಎಲ್‌ಎಂ2596 ಅಂತ. ನೀಲಿ ಬೋರ್ಡು, ಮೇಲೆ ಒಂದು ಪುಟ್ಟ ಹಿತ್ತಾಳೆ ಸ್ಕ್ರೂ.

ನಾನು ಸುಟ್ಟಿದ್ದು ಅವತ್ತೇ. ಹುಡುಗ ಟ್ಯೂಷನ್ನಿಗೆ ಹೋಗಿದ್ದ. ಅವನು ಬರೋಷ್ಟರಲ್ಲಿ ಜೋಡಿಸಿ ಇಟ್ರೆ ಖುಷಿ ಪಡ್ತಾನೆ ಅಂತ ನನ್ನ ಆಸೆ. ಒಂದು ವಾರದಿಂದ ಪಕ್ಕದಲ್ಲಿ ಕೂತು ನೋಡಿದ್ದೆ, ಕೆಂಪು ಎಲ್ಲಿ, ಕಪ್ಪು ಎಲ್ಲಿ ಗೊತ್ತಿತ್ತು. ಐದು ವೋಲ್ಟಿಗೆ ಇಟ್ಟೇ ಕಳಿಸಿರ್ತಾರೆ ಅಂದ್ಕೊಂಡು ಕ್ಯಾಮೆರಾ ಸಿಕ್ಕಿಸಿ ಬ್ಯಾಟರಿ ಕೊಟ್ಟೆ. ಆ ಸ್ಕ್ರೂ ಇರೋದೇ ಹೊರಗೆ ಎಷ್ಟು ವೋಲ್ಟು ಬರ್ಬೇಕು ಅಂತ ನಾವು ಇಟ್ಕೊಳ್ಳೋಕೆ ಅನ್ನೋದು ನಂಗೆ ಗೊತ್ತಿರಲಿಲ್ಲ. ಅಂಗಡಿಯಿಂದ ಬರುವಾಗ ಅದು ಎಲ್ಲಿ ಬೇಕಾದ್ರೂ ಇರ್ತದೆ. ಒಂದು ಸಣ್ಣ ಟಪ್ ಸದ್ದು, ಒಂದೆಳೆ ಹೊಗೆ. ಎದುರುಮನೆ ಅಕ್ಕನಿಗೆ ಬಂದಿದ್ದು ಅದೇ ವಾಸನೆ.

ಐನೂರು ಚಿಲ್ಲರೆ ರೂಪಾಯಿ ಬೋರ್ಡು. ಅವನು ಯುಗಾದಿ ದುಡ್ಡು, ಅಜ್ಜಿ ಕೊಟ್ಟ ದುಡ್ಡು ಕೂಡಿಟ್ಟು ತಂದಿದ್ದು. ಬಂದ, ನೋಡ್ದ, ಮೂಸಿ ನೋಡ್ದ. ಕಿರುಚಿದ್ರೆ ಚೆನ್ನಾಗಿರ್ತಿತ್ತು. "ಬಿಡಮ್ಮ" ಅಂದ ಅಷ್ಟೆ. ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದೋದ. ಗಾಡಿನ ರಟ್ಟಿನ ಡಬ್ಬಕ್ಕೆ ಹಾಕಿ ಬೀರು ಮೇಲೆ, ನಂಗೆ ಎಟುಕದ ಜಾಗದಲ್ಲಿ ಇಟ್ಟ. ನಂಗೆ ಸುಟ್ಟ ಬೋರ್ಡಿಗಿಂತ ಅದು ಜಾಸ್ತಿ ಉರೀತು. ಪ್ರದರ್ಶನಕ್ಕೆ ಐದೇ ದಿನ.

ಶನಿವಾರ ಮಧ್ಯಾಹ್ನ ಅವನನ್ನೂ ಡಬ್ಬನೂ ಕಟ್ಕೊಂಡು ಕೆಜಿಎಫ್ ರೈಲು ಹತ್ತಿದೆ. ಊರ್‌ಗಾಂ ದಾಟಿ ಚಾಂಪಿಯನ್ನಲ್ಲಿ ಇಳಿದ್ರೆ ಅಪ್ಪನ ಮನೆ. ಆ ಕಡೆ ಹೋದೋರಿಗೆ ಗೊತ್ತು, ದಾರೀಲಿ ಸೈನೈಡ್ ದಿಬ್ಬ, ಗಾಳಿ ಬಂದ್ರೆ ಬಿಳೀ ಧೂಳು. ದಾರಿ ಪೂರ್ತಿ ಹುಡುಗ ಕಿಟಕಿ ಕಡೆ ಮುಖ ಮಾಡ್ಕೊಂಡೇ ಇದ್ದ.

ನಮ್ಮಪ್ಪ ಗಣೀಲಿ ಎಲೆಕ್ಟ್ರಿಕಲ್ ಕಡೆ ಇದ್ದೋರು, ವೈಂಡಿಂಗ್ ಎಂಜಿನ್ ಹತ್ರ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಜನನ್ನ, ಅದಿರನ್ನ ಮೇಲೆ ಕೆಳಗೆ ಎಳೀತಿದ್ದದ್ದು ಆ ಎಂಜಿನ್‌ಗಳೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತು ಅಪ್ಪ ತಮ್ಮ ಟೂಲ್ಸ್ ಪೆಟ್ಟಿಗೆ ಅಟ್ಟಕ್ಕೆ ಹಾಕಿದ್ರು. ಮನೇಲಿ ಫ್ಯೂಸ್ ಹೋದ್ರೂ ಯಾರನ್ನಾದ್ರೂ ಕರೀರಿ ಅನ್ನೋರು. ಮೊಮ್ಮಗ ಡಬ್ಬ ಬಿಚ್ಚಿ ಸುಟ್ಟ ಬೋರ್ಡು ತೋರಿಸಿದಾಗ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. ಆಮೇಲೆ ನಮ್ಮಮ್ಮನಿಗೆ, "ಏಣಿ ಎಲ್ಲೈತೆ?" ಅಂದ್ರು.

ಮೀಟರ್ ಕೆಳಗೆ ಬಂತು. ಹಳೇದು, ಮುಳ್ಳಿಂದು. ನನ್ನ ನೀಲಿ ಬೋರ್ಡಿಗೆ ಬ್ಯಾಟರಿ ಕೊಟ್ಟು ಹೊರಗಿನ ವೋಲ್ಟು ನೋಡಿದ್ರು. ಎಂಟರ ಹತ್ರ ನಿಂತಿತ್ತು. "ಅಮ್ಮಯ್ಯ, ಅಳೆದು ಕೊಡ್ಬೇಕಮ್ಮ. ಕೊಟ್ಟು ಅಳೀಬಾರ್ದು" ಅಂದ್ರು. ಬೈಲಿಲ್ಲ. ನಾನು ತಲೆ ತಗ್ಗಿಸ್ದೆ. ಹುಡುಗ ಮೊದಲನೇ ಸಲ ನನ್ನ ಕಡೆ ನೋಡಿ ನಕ್ಕ.

ಆಮೇಲೆ ಅಪ್ಪ ಒಂದು ಪ್ರಶ್ನೆ ಕೇಳಿದ್ರು: "ನಿಮ್ಮನೆ ಬೋರ್‌ವೆಲ್ ಮೋಟ್ರು ಹಾಕಿದ ತಕ್ಷಣ ಲೈಟು ಏನಾಗ್ತದೆ?" ಒಂದು ಕ್ಷಣ ಮಂಕಾಗ್ತದೆ ಅಂದೆ. "ಯಾಕೆ?" ಗೊತ್ತಿಲ್ಲ. "ಮೋಟ್ರು ಓಡುವಾಗಿಂತ ಏಳುವಾಗ ಜಾಸ್ತಿ ತಿಂತದೆ. ತಿರುಗೋಕೆ ಬಿಡದೆ ಹಿಡಿದ್ರೂ ಅಷ್ಟೇ ತಿಂತದೆ. ಕೇಜು ಎತ್ತುವಾಗ ನಾವು ನೋಡ್ತಿದ್ದದ್ದೇ ಅದು. ನಿನ್ನ ಸರ್ವೋ ಒಳಗೂ ಮೋಟ್ರೇ ಇರೋದು. ಚಕ್ರ ಹೊಸಿಲಿಗೆ ಸಿಕ್ಕಿದಾಗ ಎಷ್ಟು ತಿಂತದೆ, ನೋಡು."

ಹುಡುಗ ಫೋನಲ್ಲಿ ಹುಡುಕ್ದ. ಅವನ ಸರ್ವೋ ಎಂಜಿ996ಆರ್. ಸಿಕ್ಕಿಹಾಕ್ಕೊಂಡಾಗ 6 ವೋಲ್ಟಲ್ಲಿ 2.5 ಆಂಪು. ನಮ್ಮದು ಐದು ವೋಲ್ಟು, ಸ್ವಲ್ಪ ಕಮ್ಮಿ ಇರ್ತದೆ, ಆದ್ರೂ 2.5 ಅಂತಲೇ ಹಿಡ್ಕೊ ಅಂದ್ರು ಅಪ್ಪ. ಒಂದು ಆಂಪಿನ ಬೆಕ್ ಯಾಕೆ ಸಾಲಲಿಲ್ಲ ಅನ್ನೋದು ಅಲ್ಲಿಗೆ ಗೊತ್ತಾಯ್ತು. ಸರ್ವೋ ಎಲ್ಲಾ ಎಳ್ಕೊಂಡ್ರೆ ವೋಲ್ಟು ಕುಸೀತದೆ, ಪಕ್ಕದ ಕ್ಯಾಮೆರಾ ಮೂರ್ಛೆ ಹೋಗ್ತದೆ. ನಮ್ಮನೆ ಲೈಟು ಮಂಕಾದಂಗೆ.

ಕ್ಯಾಲೆಂಡರ್ ಹಾಳೆ ಹಿಂದೆ ಅಪ್ಪ ನಾಲ್ಕು ಸಾಲು ಬರೆದ್ರು. ಆ ಹಾಳೆ ಈಗಲೂ ನಮ್ಮನೆ ಫ್ರಿಜ್ ಮೇಲೆ ಐತೆ.

ಒಂದು, ಒಳಗೆ ಬರೋದು ಹೆಚ್ಚು ಎಷ್ಟು, ಕಮ್ಮಿ ಎಷ್ಟು? 8.4, 6.4.
ಎರಡು, ಹೊರಗೆ ಎಷ್ಟು ಬೇಕು? 5.
ಮೂರು, ಎಲ್ಲಾ ಒಟ್ಟಿಗೆ ಎಳೆದ್ರೆ ಎಷ್ಟು? ಸರ್ವೋ 2.5, ಕ್ಯಾಮೆರಾ ಲೈಟು ಸೇರಿ 0.3, ರಿಸೀವರು ಮಿಕ್ಕಿದ್ದು 0.1. ಒಟ್ಟು 2.9 ಆಂಪು.
ನಾಲ್ಕು, ಬಿಸಿ ಎಲ್ಲಿಗೆ ಹೋಗ್ತದೆ?

"ಅಡುಗೆ ಲೆಕ್ಕ ಮೊದಲನೇ ಪಂಕ್ತಿಗೆ ಹಾಕ್ಬೇಕು, ಕೊನೇ ಪಂಕ್ತಿಗಲ್ಲ" ಅಂದ್ರು ನಮ್ಮಮ್ಮ ಅಡುಗೆಮನೆಯಿಂದ. ಎಲ್ಲರೂ ಒಟ್ಟಿಗೆ ಕೂತಾಗ ಸಾಲ್ಬೇಕು, ಆಮೇಲೆ ಬರೋ ನಾಲ್ಕು ಜನಕ್ಕೆ ಹೆಂಗೋ ಆಗ್ತದೆ.

ನಮ್ಮನೆಯವರಿಗೆ ಫೋನ್ ಮಾಡಿದ್ವಿ. ಅವರು ಅಂಗಡೀಲಿ ವಿಚಾರಿಸಿ, ಐದು ಆಂಪಿಂದು ಐತೆ, ಎಕ್ಸ್‌ಎಲ್4015 ಅಂತ, ಅದನ್ನೇ ತರ್ಲಾ ಅಂದ್ರು. ದೊಡ್ಡದು, ಒಳ್ಳೇದು ಅಂತ ನಾನು ಹೂಂ ಅನ್ನೋಕೆ ಹೋದೆ. ಅಪ್ಪ ಹಾಳೆಯ ಮೊದಲನೇ ಸಾಲಿಗೆ ಬೆರಳಿಟ್ರು. "ಒಳಗೆ ಎಷ್ಟರಿಂದ ಶುರು ಕೇಳು." ಎಂಟು ವೋಲ್ಟಿಂದ. ನಮ್ಮ ಬ್ಯಾಟರಿ ಎಂಟರ ಮೇಲೆ ಇರೋದೇ ಮೊದಲು ಸ್ವಲ್ಪ ಹೊತ್ತು! ಹನ್ನೆರಡು ವೋಲ್ಟಿನ ಬ್ಯಾಟರಿಯೋರಿಗೆ ಅದು ಒಳ್ಳೇದು, ನಮಗಲ್ಲ. ಬರೀ ಆಂಪು ನೋಡಿ ತಂದಿದ್ರೆ ಇನ್ನೊಂದ್ಸಲ ದುಡ್ಡು ಹೋಗ್ತಿತ್ತು. ಮನೇಲಿರೋ ಎಲ್‌ಎಂ2596ಗೆ ಆ ತೊಂದರೆ ಇಲ್ಲ, ನಾಲ್ಕೂವರೆಯಿಂದ ತಗೊಳ್ತದೆ. ಆದ್ರೆ ಮೂರು ಆಂಪು ಅಂತ ಬರೆದಿದ್ರೂ ಆ ಪುಟ್ಟ ಬೋರ್ಡಿಂದ ಒಂದೇ ಸಮ ಎಳೆಯೋಕೆ ಎರಡರ ಮೇಲೆ ನಂಬಬಾರ್ದು, ಬಿಸಿ ಹೋಗೋಕೆ ದಾರಿ ಇಲ್ಲ. ಅದು ನಾಲ್ಕನೇ ಸಾಲು.

ಕೊನೆಗೆ ಉಪಾಯ ಹೊಳೆದಿದ್ದು ಹುಡುಗನಿಗೇ. "ತಾತ, ಇಬ್ಬರಿಗೂ ಬೇರೆ ಬೇರೆ ಒಲೆ ಹಚ್ಚಿದ್ರೆ?" ಜಗಳಗಂಟ ಸರ್ವೋ ಮತ್ತೆ ರಿಸೀವರಿಗೆ ಒಂದು ಯುಬಿಇಸಿ. ಅದೂ ಬಕ್ ಜಾತೀದೇ, ಇಂಥ ಗಾಡಿಗಳಿಗೆ ಅಂತಲೇ ಮಾಡಿದ್ದು. ಎರಡು ಸೆಲ್ಲಿಂದ ಶುರು, ಒಂದೇ ಸಮ ಮೂರು ಆಂಪು, ಒಂದು ಕ್ಷಣಕ್ಕೆ ಐದು. ಕ್ಯಾಮೆರಾಕ್ಕೆ ಪ್ರತ್ಯೇಕವಾಗಿ ನಾನು ಸುಟ್ಟ ಆ ನೀಲಿ ಬೋರ್ಡೇ. ಅದು ಕೆಟ್ಟಿರಲಿಲ್ಲ, ಕೆಟ್ಟಿದ್ದು ನನ್ನ ಬುದ್ಧಿ. ಸರ್ವೋ ಎಷ್ಟೇ ಎಳೆದ್ರೂ ಕ್ಯಾಮೆರಾದ ತಟ್ಟೆಗೆ ಕೈ ಹಾಕೋಕಾಗಲ್ಲ. ಅಪ್ಪ ಅವನ ತಲೆ ಸವರಿದ್ರು.

ಅವತ್ತು ರಾತ್ರಿ ಊಟ ಆದ್ಮೇಲೆ ಅಪ್ಪ ಮಾತಾಡಿದಷ್ಟು ನಾನು ವರ್ಷಗಳಿಂದ ಕೇಳಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದ್ರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಅಷ್ಟು ದೂರ ಕಳಿಸ್ಬೇಕಂದ್ರೆ ವೋಲ್ಟು ಏರಿಸಿ ಕಳಿಸ್ಬೇಕು, ಇಲ್ಲಿ ಬಂದ್ಮೇಲೆ ಇಳಿಸ್ಕೋಬೇಕು. "ಅಲ್ಲಿ ಟ್ರಾನ್ಸ್‌ಫಾರ್ಮರ್ ಸಾಕು, ಅದು ಎಸಿ. ಬ್ಯಾಟರೀದು ಡಿಸಿ, ಅದಕ್ಕೆ ಟ್ರಾನ್ಸ್‌ಫಾರ್ಮರ್ ನಡೆಯಲ್ಲ. ಅದಕ್ಕೆ ನಿನಗೆ ಈ ಚಿಪ್ಪು. ಕೆಲಸ ಒಂದೇ ಕಣಪ್ಪ, ಕೇಳೋನಿಗೆ ಬೇಕಾದಷ್ಟು ಮಾತ್ರ ಕೊಡೋದು." ಹುಡುಗ ಬಾಯಿ ಬಿಟ್ಕೊಂಡು ಕೇಳ್ತಿದ್ದ.

ಸೋಮವಾರ ರಾತ್ರಿ ಯುಬಿಇಸಿ, ಹೊಸ ಕ್ಯಾಮೆರಾ ಎರಡೂ ಬಂದ್ವು. ಕ್ಯಾಮೆರಾದ ದುಡ್ಡು ನನ್ನ ಚೀಟಿ ದುಡ್ಡಿಂದ. ಅಪ್ಪ ಮೀಟರ್ ಕೊಟ್ಟು ಕಳಿಸಿದ್ರು. ಜೋಡಿಸುವಾಗ ತಿಳ್ಕೊಂಡ ನಾಲ್ಕು ವಿಷ್ಯ ಹೇಳ್ತೀನಿ, ಮಕ್ಕಳಿಗೆ ಓದಿ ಹೇಳಿ.

ಸ್ಕ್ರೂ ತಿರುಗಿಸುವಾಗ ಹೊರಗಡೆ ಏನೂ ಸಿಕ್ಕಿಸಿರಬಾರ್ದು, ಮೀಟರ್ ಮಾತ್ರ. ನಮ್ಮ ಬೋರ್ಡಲ್ಲಿ ಎಡಕ್ಕೆ ತಿರುಗಿಸಿದ್ರೆ ಇಳೀತದೆ. ಹತ್ತು ಸುತ್ತು ಹಾಕಿದ್ರೂ ಏನೂ ಆಗ್ದಂಗೆ ಕಾಣ್ತದೆ, ಕೆಟ್ಟೋಗಿದೆ ಅಂತ ಬಿಡ್ಬೇಡಿ, ಆಮೇಲೆ ಇಳಿಯೋಕೆ ಶುರುವಾಗ್ತದೆ. ಐದಕ್ಕೆ ಬಂದ್ಮೇಲೆ ಗಾಡಿ ಕುಲುಕಿಗೆ ಸ್ಕ್ರೂ ಕದಲದಂಗೆ ಒಂದು ತೊಟ್ಟು ನೇಲ್ ಪಾಲಿಶ್ ಹಾಕಿ. ಇದು ನನ್ನ ಕೊಡುಗೆ, ನಮ್ಮ ಗಾಡೀಲಿ ಆ ಸ್ಕ್ರೂ ಕೆಂಪಗೈತೆ.

ಯುಬಿಇಸಿ ಹಾಕಿದ್ರೆ ಇಎಸ್‌ಸಿಯಿಂದ ರಿಸೀವರಿಗೆ ಹೋಗೋ ಮೂರು ವೈರಲ್ಲಿ ನಡುವಿನ ಕೆಂಪು ವೈರನ್ನ ಪಿನ್ನಿಂದ ಬಿಡಿಸಿ ಟೇಪ್ ಸುತ್ತಬೇಕು. ಇಲ್ದಿದ್ರೆ ಹಳೇ ಬೆಕ್ಕು, ಹೊಸ ಬೆಕ್ಕು ಎರಡೂ ಒಂದೇ ಪಾತ್ರೆಗೆ ಬಾಯಿ ಹಾಕ್ತವೆ. ಕಪ್ಪು ವೈರು ಮಾತ್ರ ಬಿಚ್ಚಬಾರ್ದು, ಎಲ್ಲದರ ಕಪ್ಪೂ ಒಂದೇ ಕಡೆ ಸೇರ್ಬೇಕು.

ರಿಸೀವರ್ ಹತ್ರ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು ಹಾಕಿದ್ವಿ, 16 ವೋಲ್ಟಿಂದು. ಅದು ಸಣ್ಣ ಸಂಪು ಇದ್ದಂಗೆ, ಸರ್ವೋ ಗಕ್ಕಂತ ಎಳೆದಾಗ ಮೀಟರ್ ಮುಳ್ಳಿಗೂ ಕಾಣ್ದಂಗೆ ಆಗೋ ಕುಸಿತ ತುಂಬ್ತದೆ. ಪಟ್ಟೆ ಇರೋ ಕಡೆ ಮೈನಸ್. ಉಲ್ಟಾ ಹಾಕಿದ್ರೆ ಸಿಡೀತದೆ.

ಪರೀಕ್ಷೆ ಮಾಡ್ಬೇಕಾದ್ದು ಬ್ಯಾಟರಿ ತುಂಬಿದಾಗ ಒಂದ್ಸಲ, ಇಳಿದಾಗ ಒಂದ್ಸಲ. ಚಕ್ರ ಕೈಲಿ ಒತ್ತಿ ಹಿಡಿದು ತಿರುಗಿಸಿ ನೋಡಿ. ಎರಡು ಸೆಕೆಂಡ್ ಸಾಕು, ಹಂಗೇ ಹಿಡ್ಕೊಂಡಿದ್ರೆ ಸರ್ವೋನೇ ಸುಡ್ತದೆ.

ಹುಡುಗ ಎಲ್ಲಾ ಸಿಕ್ಕಿಸಿ, ಕ್ಯಾಮೆರಾ ಒಂದನ್ನ ಬಿಟ್ಟು, ಮೀಟರಿನ ಎರಡು ಕಡ್ಡಿ ನನ್ನ ಕೈಗೆ ಕೊಟ್ಟ. "ನೀನೇ ನೋಡಮ್ಮ. ನೀನು ಹೇಳಿದ್ಮೇಲೆ ಸಿಕ್ಕಿಸ್ತೀನಿ" ಅಂದ. ಕೈ ನಡುಗಿತು. ಐದು ಅಂದೆ. ಇನ್ನೊಂದ್ಸಲ ನೋಡು ಅಂದ. ಐದೇ ಕಣೋ ಅಂದೆ. ಸಿಕ್ಕಿಸ್ದ. ಫೋನಲ್ಲಿ ನಮ್ಮ ಅಡುಗೆಮನೆ ನೆಲ, ನನ್ನ ಕಾಲುಂಗುರ ಕಾಣಿಸ್ತು.

ಪ್ರದರ್ಶನದಲ್ಲಿ ಮೈದಾನದ ಹತ್ರ ಬಿದ್ದಿದ್ದ ಸಿಮೆಂಟ್ ಪೈಪೊಳಗೆ ಗಾಡಿ ಬಿಟ್ಟ. ನಡುವೆ ಕಲ್ಲಿಗೆ ಚಕ್ರ ಸಿಕ್ತು, ತಿರುಗಿಸ್ದ, ಚಿತ್ರ ನಿಲ್ಲಲಿಲ್ಲ. ಬಹುಮಾನ ಬೇರೆ ಮಕ್ಕಳಿಗೆ ಹೋಯ್ತು, ಸೋಲಾರ್ ಒಲೆ ಮಾಡಿದ್ರು, ಚೆನ್ನಾಗಿತ್ತು. ಅಪ್ಪ ಕೆಜಿಎಫ್‌ನಿಂದ ಬಂದಿದ್ರು, ಇಸ್ತ್ರಿ ಷರಟು ಹಾಕ್ಕೊಂಡು. ಗಾಡಿ ಹೊರಗೆ ಬಂದ ತಕ್ಷಣ ಬಗ್ಗಿ ಯುಬಿಇಸಿ ಮೇಲೆ ಬೆರಳಿಟ್ಟು ಹತ್ತು ಎಣಿಸಿದ್ರು. "ಬೆಚ್ಚಗೈತೆ, ಅಷ್ಟೆ" ಅಂದ್ರು. ಆಮೇಲೆ ಮೂವರೂ ಹೋಗಿ ಬಂಗಾರಪೇಟೆ ಪಾನಿಪುರಿ ತಿಂದ್ವಿ. ನೀರಿನಂಗೆ ಕಾಣೋ ಆ ಪಾನಿ ಖಾರಕ್ಕೆ ಅಪ್ಪನ ಕಣ್ಣಲ್ಲಿ ನೀರು ಬಂತು.

ಟೂಲ್ಸ್ ಪೆಟ್ಟಿಗೆ ಈಗ ಅಟ್ಟದ ಮೇಲಿಲ್ಲ, ಅಪ್ಪನ ಮಂಚದ ಪಕ್ಕ ಐತೆ. ಮೀಟರ್ ಮಾತ್ರ ನಮ್ಮನೇಲೇ ಉಳೀತು. ನಿಮ್ಮ ಮಕ್ಕಳಿಗೆ ಬೇಕಾದ್ರೆ ಬಂದು ತಗೊಂಡೋಗಿ. ಹೊಸ ಬೋರ್ಡಿಗೆ ಏನಾದ್ರೂ ಸಿಕ್ಕಿಸೋಕೆ ಮುಂಚೆ ಬನ್ನಿ, ವಾಸನೆ ಬಂದ್ಮೇಲೆ ಅಲ್ಲ.